ಹದಿಮೂರು ಆಟಗಾರರು ಕಾಣೆ

"ನನ್ನ ಹದಿಮೂರು ಜನ ಆಟಗಾರರನ್ನ ಏನ್ ಮಾಡಿದ್ರಿ?"

ಕನ್ನಡಕದ ಅಂಗಡಿಯ ಗಾಜಿನ ಬಾಗಿಲು ತಳ್ಳಿಕೊಂಡು ಬಂದವನ ಮೊದಲ ಮಾತೇ ಇದು. ಮೈಮೇಲೆ ಬಸ್ ಡ್ರೈವರನ ಸಮವಸ್ತ್ರ, ಕೈಯಲ್ಲಿ ಫೋನು, ಮೂಗಿನ ತುದಿಯಲ್ಲಿ ಸಿಟ್ಟು.

ಅವಳು ಲೆನ್ಸ್ ಒರೆಸುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದುಕೊಂಡು ತಲೆಯೆತ್ತಿದಳು. ಆ ಮುಖವನ್ನು ಅವಳು ಯಾವತ್ತೂ ನೋಡಿರಲಿಲ್ಲ. ಆದರೆ ಅವಳ ಹತ್ತಿರ ಬಂದು ಆಟಗಾರರ ಲೆಕ್ಕ ಕೇಳುವ ಡ್ರೈವರು ಊರಲ್ಲಿ ಇನ್ಯಾರಿದ್ದಾರೆ?

'ನಿಧಾನಿ... ಇವನೇನಾ? ಇಷ್ಟು ಚೆನ್ನಾಗಿದ್ದಾನೆ ಅಂತ ಅಣ್ಣ ಒಂದು ಮಾತೂ ಹೇಳ್ಲಿಲ್ಲವಲ್ಲ.'

ಒಳಗೆ ಬರುವಾಗ ಅವನ ಎಡಭುಜ ಫ್ರೇಮುಗಳ ಸ್ಟ್ಯಾಂಡಿಗೆ ಬಡಿದು ಎರಡು ಕನ್ನಡಕ ಕೆಳಗೆ ಬಿದ್ದಿದ್ದವು. ಅವನು ತಿರುಗಿಯೂ ನೋಡಲಿಲ್ಲ. ಸಿಟ್ಟಿನ ಭರ ಎಂದುಕೊಂಡಳು ಅವಳು. ಅದು ಸಿಟ್ಟಲ್ಲ ಎಂದು ತಿಳಿಯಲು ಇನ್ನು ಹತ್ತು ನಿಮಿಷ ಬೇಕಿತ್ತು.

ಅಂಗಡಿಯ ಎದುರಿನ ಸ್ಟಾಪಿನಲ್ಲಿ ಅವನ ಬಸ್ಸು ನಿಂತಿತ್ತು. ಒಬ್ಬೊಬ್ಬರಾಗಿ ಜನ ಹತ್ತಿ ಕೂರುತ್ತಿದ್ದರು. ಮೂರೂವರೆಗೆ ಅದು ಹೊರಡಬೇಕು.

ಹಿಂದಿನದನ್ನು ಸ್ವಲ್ಪ ಹೇಳದಿದ್ದರೆ ಈ ಹದಿಮೂರರ ಗೋಳು ನಿಮಗೆ ತಲೆಬುಡ ಅರ್ಥವಾಗುವುದಿಲ್ಲ.

ಅವಳ ಅಣ್ಣ ಬಸ್ ಡಿಪೋದ ಟೈಮ್‌ಕೀಪರ್. ಯಾವ ಬಸ್ಸಿಗೆ ಯಾವ ಡ್ರೈವರು ಎಂದು ದಿನಾ ಪಟ್ಟಿ ಬರೆಯುವುದು ಅವನ ಕೆಲಸ. ಅಷ್ಟು ಸಾಲದೆಂದು ಫೋನಿನಲ್ಲಿ ಆಡುವ ಬೇಸ್‌ಬಾಲ್ ಆಟವೊಂದನ್ನು ತಂದು ಇಡೀ ಡಿಪೋಗೆ ಹುಚ್ಚು ಹಿಡಿಸಿದ್ದ. ಅದರಲ್ಲಿ ನೀವು ಚೆಂಡು ಹೊಡೆಯುವಂತಿಲ್ಲ, ಓಡುವಂತಿಲ್ಲ. ನಿಮ್ಮ ಕೈಗೆ ಇಪ್ಪತ್ತಾರು ಆಟಗಾರರನ್ನು ಕೊಡುತ್ತಾರೆ. ಇವತ್ತು ಯಾರು ಬ್ಯಾಟ್ ಹಿಡಿಯಬೇಕು, ಯಾರ ಹಿಂದೆ ಯಾರು ಬರಬೇಕು, ಚೆಂಡೆಸೆಯುವ ಪಿಚರ್ ಯಾರು ಎಂದು ಸಂಜೆ ಆರರೊಳಗೆ ಪಟ್ಟಿ ಬರೆದು ಕಳಿಸಬೇಕು. ಆಮೇಲೆ ಕಂಪ್ಯೂಟರು ತಾನೇ ಆಟ ಆಡಿಸಿ ಸೋಲುಗೆಲುವು ಹೇಳುತ್ತದೆ. ಒಮ್ಮೆ ಎಸೆದ ಪಿಚರ್‌ಗೆ ನಾಲ್ಕು ದಿನ ವಿಶ್ರಾಂತಿ ಬೇಕು. ಕೊಡದಿದ್ದರೆ ಅವನ ತೋಳು ಮುರಿಯುತ್ತದೆ.

ಎಂಟು ತಂಡಗಳ ಆ ಕೂಟದಲ್ಲಿ ಒಬ್ಬ ಬಿಟ್ಟುಹೋದಾಗ ಅಣ್ಣ ತಂಗಿಯನ್ನು ಎಳೆದು ತಂದಿದ್ದ. ಆಗ ಮೊದಲ ಸ್ಥಾನದಲ್ಲಿ ಇದ್ದವನು ನಿಧಾನಿ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅವಸರಪಟ್ಟು ಬಸ್ಸು ಓಡಿಸದಿದ್ದಕ್ಕೆ ಡಿಪೋದವರು ಇಟ್ಟ ಹೆಸರು ಅದು. ಅವನ ತಂಡದಲ್ಲಿ ಇಪ್ಪತ್ತಾರು ಜನಕ್ಕೂ ಸರದಿ ಬರುತ್ತಿತ್ತು. ಯಾರ ತೋಳೂ ಮುರಿಯುತ್ತಿರಲಿಲ್ಲ.

ಆಟಗಾರರನ್ನು ಅದಲುಬದಲು ಮಾಡಿಕೊಳ್ಳಲು ಪ್ರಸ್ತಾವ ಕಳಿಸಬಹುದಿತ್ತು, ಅದರ ಕೆಳಗೆ ಒಂದೇ ಒಂದು ಸಾಲು ಬರೆಯಬಹುದಿತ್ತು. ಮೊದಲು ಬರೆದವಳು ಅವಳೇ.

'ನಿಮ್ಮ ಎಡಗೈ ಪಿಚರ್ ಕೊಡಿ, ನನ್ನ ಮಂಡಿ ಮುರಿದ ಕ್ಯಾಚರ್ ತಗೊಳ್ಳಿ.'

'ನಮ್ಮದೇನು ಧರ್ಮಾಸ್ಪತ್ರೆನಾ?' ಎಂದು ಬಂತು ಉತ್ತರ.

ಅಲ್ಲಿಂದ ಶುರು. ದಿನಕ್ಕೆ ಎರಡು ಮೂರು ಪ್ರಸ್ತಾವ. ಊಟ ಆಯ್ತಾ ಎಂದು ಕೇಳಲಿಕ್ಕೂ ಒಬ್ಬ ಬಡಪಾಯಿ ಆಟಗಾರನನ್ನು ಮಾರಾಟಕ್ಕೆ ಇಡಬೇಕು. ನಾಲ್ಕು ತಿಂಗಳಲ್ಲಿ ಒಂದೂ ಒಪ್ಪಿಗೆಯಾಗಲಿಲ್ಲ, ಆಗಲಿ ಎಂದು ಇಬ್ಬರೂ ಬಯಸಲೂ ಇಲ್ಲ. ಅಂಗಡಿಯಲ್ಲಿ ಗಿರಾಕಿಗೆ ಅಕ್ಷರ ಓದಿಸುತ್ತಾ ಅವಳು ತನ್ನಷ್ಟಕ್ಕೇ ನಗುತ್ತಿದ್ದಳು. ಪ್ರೀತಿ ಎಂಬ ಮಾತನ್ನು ಮಾತ್ರ ಯಾರೂ ಎತ್ತಿರಲಿಲ್ಲ.

ಆದರೆ ಮೂರು ವಾರದಿಂದ ಏನೋ ಕೆಟ್ಟಿತ್ತು. ನಿಧಾನಿಯ ಪಿಚರ್‌ಗಳು ಒಬ್ಬರ ಹಿಂದೆ ಒಬ್ಬರು ತೋಳು ಮುರಿದುಕೊಳ್ಳುತ್ತಿದ್ದರು. ಚೆನ್ನಾಗಿರುವ ಆಟಗಾರರು ಬೆಂಚಿನ ಮೇಲೆ ಸುಮ್ಮನೆ ಕೂತಿದ್ದರು. ಅವನು ಸೋಲುತ್ತಾ ಬಂದ, ಅವಳು ಏರುತ್ತಾ ಬಂದಳು.

'ನನಗೋಸ್ಕರ ಬಿಟ್ಟುಕೊಡ್ತಿದ್ದೀರಾ? ಭಿಕ್ಷೆ ಬೇಡ' ಎಂದು ನಿನ್ನೆ ಬರೆದಿದ್ದಳು. ಉತ್ತರ ಬಂದಿರಲಿಲ್ಲ. ಈಗ ಅವನೇ ಬಂದು ಎದುರಿಗೆ ನಿಂತಿದ್ದಾನೆ.

"ನಾನು ಕದ್ದೆ ಅಂತೀರಾ?"

"ಆಟದ ಬೀಗದಕೈ ನಿಮ್ಮಣ್ಣನ ಹತ್ರ ಇದೆ. ಮೊದಲು ಎಡಗೈ ಪಿಚರ್ ಮಾಯ ಆದ. ಆಮೇಲೆ ಒಬ್ಬೊಬ್ರೇ. ಉಳಿದಿರೋರನ್ನೇ ದಿನಾ ಆಡಿಸಿ ಆಡಿಸಿ ಸಾಯಿಸ್ತಿದ್ದೀನಿ. ಮೇಲಿಂದ ಭಿಕ್ಷೆ ಅಂತ ನೀವೇ ಬರೀತೀರಿ."

"ಅಯ್ಯೋ ಮಹರಾಯ, ಕೊಡಿ ಇಲ್ಲಿ ಆ ಫೋನು."

ಅವಳು ನೋಡಿದಳು. ಎರಡು ಸಾಲು. ಎಡಕ್ಕೆ ಹದಿಮೂರು ಹೆಸರು, ಬಲಕ್ಕೆ ಹದಿಮೂರು. ಎಲ್ಲರೂ ಇದ್ದರು.

ಅವಳಿಗೆ ನಗು ಬಂತು. ಫೋನನ್ನು ಅವನ ಮುಖದ ಎದುರಿಗೆ ಹಿಡಿದಳು. "ಎಣಿಸಿ."

ಅವನು ಬೆರಳಿಟ್ಟು ಎಣಿಸಿದ. ಬಲಗಡೆಯ ಸಾಲು, ಮೇಲಿನಿಂದ ಕೆಳಕ್ಕೆ. "ಹದಿಮೂರು. ನೋಡಿದ್ರಾ?"

ಅವಳ ನಗು ನಿಂತಿತು.

"ಇನ್ನೊಂದ್ಸಲ ಎಣಿಸಿ."

"ಎಷ್ಟು ಸಲ ಎಣಿಸಿದ್ರೂ ಅಷ್ಟೇ ರೀ."

ಅವಳು ಫೋನನ್ನು ಮೆಲ್ಲಗೆ ಅವನ ಬಲಕ್ಕೆ ಸರಿಸಿದಳು. ಇನ್ನೂ ಸ್ವಲ್ಪ... ಇನ್ನೂ ಸ್ವಲ್ಪ...

ಅವನ ಮುಖದ ಸಿಟ್ಟು ಇಳಿಯಿತು. "ಇವ್ರು... ಈಗ ಎಲ್ಲಿಂದ ಬಂದ್ರು?"

ಆರು ವರ್ಷದಿಂದ ಅವಳು ಕಣ್ಣು ಪರೀಕ್ಷೆ ಮಾಡುತ್ತಿದ್ದಳು. ಇಂಥದ್ದನ್ನು ಪುಸ್ತಕದಲ್ಲಿ ಓದಿದ್ದಳು, ಎದುರಿಗೆ ನೋಡಿರಲಿಲ್ಲ.

"ಕೂತ್ಕೊಳ್ಳಿ."

"ಮೂರೂವರೆಗೆ ಗಾಡಿ ಎತ್ಬೇಕು ನಾನು."

"ಎರಡು ನಿಮಿಷ. ಬಲಗಣ್ಣು ಮುಚ್ಚಿ, ನನ್ನ ಮೂಗನ್ನೇ ನೋಡಿ. ಬೆರಳು ಕಂಡ ಕೂಡಲೇ ಹೇಳಿ."

"ಮೂಗೇನೋ ಚೆನ್ನಾಗಿದೆ," ಎಂದ ಅವನು, ವಾತಾವರಣ ತಿಳಿ ಮಾಡಲು. ಬೇರೆ ದಿನವಾಗಿದ್ದರೆ ಅವಳು ಆ ಮಾತನ್ನು ವಾರವಿಡೀ ಮೆಲುಕು ಹಾಕುತ್ತಿದ್ದಳು.

ಅವನ ಎಡಗಿವಿಯ ಪಕ್ಕದಿಂದ ಅವಳು ಬೆರಳು ಆಡಿಸುತ್ತಾ ತಂದಳು. ಕೆನ್ನೆಯ ಹತ್ತಿರ ಬಂತು. ಅವನು ಸುಮ್ಮನಿದ್ದ. ಕಣ್ಣಿನ ಹತ್ತಿರ ಬಂತು. ಸುಮ್ಮನಿದ್ದ.

"ಶುರು ಮಾಡಿ ಮತ್ತೆ," ಎಂದ.

ಬೆರಳು ಅವನ ಮೂಗಿನ ನೇರಕ್ಕೆ ಬಂದಾಗ ಬೆಚ್ಚಿದ. "ಹಾ, ಬಂತು."

ಇನ್ನೊಂದು ಕಣ್ಣು ಮುಚ್ಚಿಸಿ ನೋಡಿದಳು. ಅದೇ ಕಡೆ, ಅದೇ ಕತ್ತಲೆ. ಒಂದೇ ಕಣ್ಣಿಗೆ ಹೀಗಾದರೆ ದೋಷ ಕಣ್ಣಿನಲ್ಲಿ. ಎರಡೂ ಕಣ್ಣಿಗೆ ಒಂದೇ ಕಡೆ ಕಾಣದಿದ್ದರೆ ದೋಷ ಕಣ್ಣಿನ ಹಿಂದೆ, ತಲೆಯ ಒಳಗೆ.

"ನಿಮಗೆ ಎಡಗಡೆ ಕಾಣ್ತಿಲ್ಲ. ಎರಡು ಕಣ್ಣಿಗೂ. ಇದು ಕನ್ನಡಕದಿಂದ ಹೋಗೋದಲ್ಲ. ಇವತ್ತೇ ದೊಡ್ಡಾಸ್ಪತ್ರೆಗೆ ಹೋಗ್ಬೇಕು... ಬಸ್ಸು ತೆಗೀಬೇಡಿ."

"ನಲವತ್ತು ಜನ ಕೂತಿದ್ದಾರೆ ಅಲ್ಲಿ."

"ಅದಕ್ಕೇ ಹೇಳ್ತಿರೋದು."

ಅವನು ಎದ್ದ. "ಹನ್ನೊಂದು ವರ್ಷ ಆಯ್ತು. ನನ್ನ ಗಾಡಿ ಮೇಲೆ ಒಂದು ಗೀರಿಲ್ಲ. ನಾಲ್ಕು ತಿಂಗಳ ಹಿಂದೆ ಡಿಪೋದಲ್ಲಿ ಅಕ್ಷರದ ಹಲಗೆ ಕೊನೇ ಸಾಲಿನವರೆಗೂ ಓದಿದ್ದೀನಿ."

"ಅಕ್ಷರ ಎದುರಿಗಿರುತ್ತೆ. ಜನ ಪಕ್ಕದಿಂದ ಬರ್ತಾರೆ."

ಅವನು ಬಾಗಿಲು ತಳ್ಳಿಕೊಂಡು ಬಸ್ಸಿನ ಕಡೆ ಹೊರಟುಹೋದ.

ಅವಳು ಅಣ್ಣನಿಗೆ ಫೋನ್ ಮಾಡಿದಳು. "ಅಣ್ಣ, ನಿಧಾನಿನ ಬಸ್ಸಿಂದ ಇಳಿಸು. ಈಗಲೇ."

"ತಲೆ ಕೆಟ್ಟಿದೆಯೇನೇ ನಿಂಗೆ?"

"ಬಾಗಿಲ ಕಡೆ ಇರೋದು ಅವನಿಗೆ ಕಾಣಲ್ಲ, ಅಣ್ಣ. ನಾನು ಈಗಷ್ಟೇ ಪರೀಕ್ಷೆ ಮಾಡ್ದೆ. ಕಂಡಕ್ಟರ್‌ಗೆ ಫೋನ್ ಮಾಡು, ದಮ್ಮಯ್ಯ."

ಇಂಜಿನ್ನಿನ ಸದ್ದು ಕೇಳಿಸಿತು. ಫೋನು ಅಲ್ಲೇ ಬಿಸಾಕಿ ರಸ್ತೆಗೆ ಓಡಿದಳು. ಬಸ್ಸಿನ ಮುಂದೆ, ಎಡಮೂಲೆಯಲ್ಲಿ ನಿಂತು ಎರಡೂ ಕೈ ಎತ್ತಿದಳು.

ಅವನು ನೇರಕ್ಕೆ ನೋಡುತ್ತಿದ್ದ. ಶಾಂತವಾಗಿ, ಯಾವ ಅವಸರವೂ ಇಲ್ಲದೆ. ಅವಳಿಗೆ ಅವನ ಎರಡೂ ಕಣ್ಣು ಕಾಣುತ್ತಿದ್ದವು. ಆ ಕಣ್ಣುಗಳಿಗೆ ಅವಳು ಇರಲೇ ಇಲ್ಲ.

ಬಸ್ಸು ಹೊರಟಿತು.

ಕಂಡಕ್ಟರ್ ಕಿರುಚಿದ. ಬ್ರೇಕು ಕಿರ್‍ರೆಂದಿತು. ಬಸ್ಸಿನ ಬಿಸಿ ಮೂತಿ ಅವಳ ಅಂಗೈಗೆ ತಗುಲಿ ನಿಂತಿತು.

ಅವನು ಇಳಿದು ಬಂದಾಗ ಮುಖ ಬಿಳಿಚಿಕೊಂಡಿತ್ತು. "ಎಲ್ಲಿದ್ರಿ ನೀವು?"

"ಇಲ್ಲೇ. ನಿಮ್ಮ ಮುಂದೇನೇ."

ಕಂಡಕ್ಟರನ ಫೋನು ಬಡಿದುಕೊಂಡಿತು. ಟೈಮ್‌ಕೀಪರನ ಮಾತು ಕೇಳಿ ಅವನು ತಲೆತಗ್ಗಿಸಿ ಡ್ರೈವರನ ಮುಂದೆ ಕೈ ಚಾಚಿದ. ಕೀಲಿಗಾಗಿ. ಕಿಟಕಿಗಳಲ್ಲಿ ನಲವತ್ತು ಮುಖ ನೋಡುತ್ತಿದ್ದವು.

"ನಿಮ್ಮಣ್ಣನಿಗೆ ಹೇಳಿದ್ರಾ?"

"ಹೇಳ್ದೆ."

ಅವಮಾನವಾದ ಗಂಡಸಿಗೆ ನಾಲಿಗೆಯ ಮೇಲೆ ಹಿಡಿತವಿರುವುದಿಲ್ಲ. "ಆಯ್ತಲ್ಲ. ಇನ್ಮೇಲೆ ಮೊದಲ ಸ್ಥಾನ ನಿಮ್ದೇ. ಆಡ್ಕೊಳ್ಳಿ," ಎಂದ. ಕೀಲಿ ಕೊಟ್ಟು ನಡೆದ. ಹೋಗುತ್ತಾ ಎಡಕ್ಕಿದ್ದ ದೀಪದ ಕಂಬಕ್ಕೆ ಭುಜ ಬಡಿಸಿಕೊಂಡ.

ಅವಳು ರಸ್ತೆಯಲ್ಲೇ ಅತ್ತಳು. ಯಾರು ನೋಡುತ್ತಾರೆ ಎಂಬ ಪರಿವೆ ಇರಲಿಲ್ಲ.

ಆ ಸಂಜೆಯಿಂದ ಅವನ ಪ್ರಸ್ತಾವಗಳು ನಿಂತವು.

'ಆಸ್ಪತ್ರೆಗೆ ಹೋದ್ರಾ?' ಎಂದು ಬರೆದು ತನ್ನ ಅತ್ಯುತ್ತಮ ಪಿಚರ್‌ನನ್ನೇ ಪ್ರಸ್ತಾವಕ್ಕೆ ಇಟ್ಟಳು. ತಿರಸ್ಕೃತ. 'ದಯವಿಟ್ಟು ಹೋಗಿ' ಎಂದು ಇಡೀ ತಂಡವನ್ನೇ ಇಟ್ಟಳು. ತಿರಸ್ಕೃತ. ಕೆಳಗೆ ಒಂದು ಸಾಲೂ ಇರಲಿಲ್ಲ.

ಅಣ್ಣ ಎರಡು ಸಲ ಅವನ ಕೋಣೆಗೆ ಹೋಗಿ ಬಂದ. "ಬಾಗಿಲು ತೆಗೀಲಿಲ್ಲ ಕಣೇ. ಒಳಗಿಂದಲೇ, ಚೆನ್ನಾಗಿದ್ದೀನಿ ಹೋಗಿ ಸಾರ್ ಅಂದ. ಎತ್ತಿನಂಥ ಹಟ."

ಅವನು ಬದುಕಿದ್ದಾನೆ ಎನ್ನಲು ಅವಳಿಗೆ ಉಳಿದಿದ್ದ ಗುರುತು ಒಂದೇ, ಸಂಜೆ ಆರರ ಪಟ್ಟಿ. ಕೆಲಸ ಹೋಯಿತು, ಮಾತು ಹೋಯಿತು, ಆದರೆ ತನ್ನ ಆಟಗಾರರನ್ನು ಅವನು ಕೈಬಿಟ್ಟಿರಲಿಲ್ಲ. ಐದೂಮುಕ್ಕಾಲಿಗೇ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುತ್ತಿದ್ದಳು.

ಆ ಆಟದ ನಿಯಮ ಹೀಗಿತ್ತು. ನೀವು ಹತ್ತು ಹೆಸರು ಬರೆಯಬೇಕು. ಕಡಿಮೆ ಬರೆದರೆ ಉಳಿದದ್ದನ್ನು ಕಂಪ್ಯೂಟರೇ ತುಂಬುತ್ತದೆ, ಹಾಗೆ ತುಂಬಿದ ಹೆಸರಿನ ಮುಂದೆ ಒಂದು ಕೆಂಪು ಚುಕ್ಕೆ ಇಡುತ್ತದೆ. ಆರು ಗಂಟೆಗೆ ಎಲ್ಲರ ಪಟ್ಟಿಯೂ ಎಲ್ಲರಿಗೂ ಕಾಣುತ್ತದೆ.

ಮೊದಲ ದಿನ ಚುಕ್ಕೆ ಇರಲಿಲ್ಲ.

ಮೂರನೆಯ ದಿನ ಎರಡು.

'ಕೈ ತಪ್ಪಿರಬೇಕು,' ಎಂದು ತನಗೇ ಹೇಳಿಕೊಂಡಳು. ಐದನೆಯ ದಿನ ಆರು ಚುಕ್ಕೆಗಳು ಬಂದವು. ಬಲಗಡೆಯ ಸಾಲೂ ಅವನಿಗೆ ಕೈಕೊಡುತ್ತಿತ್ತು. ಅವನ ತಲೆಯೊಳಗಿನ ಕತ್ತಲೆ ಎಷ್ಟು ಬೆಳೆಯಿತು ಎಂಬುದನ್ನು ಅವಳು ಅಂಗಡಿಯಲ್ಲಿ ಕೂತು ದಿನಾ ಓದುತ್ತಿದ್ದಳು, ಅದನ್ನು ತಡೆಯಲಾಗದೆ.

ಏಳನೆಯ ದಿನ ಆರು ಗಂಟೆಗೆ ಹತ್ತು ಹೆಸರೂ ಬಂದವು. ಹತ್ತಕ್ಕೂ ಚುಕ್ಕೆ.

"ಅಣ್ಣ, ಗಾಡಿ ತೆಗಿ."

ಟೈರ್ ರಿಪೇರಿ ಅಂಗಡಿಯ ಮೇಲಿನ ಒಂಟಿ ಕೋಣೆ. ಬಡಿದರು, ಕೂಗಿದರು. ಉತ್ತರವಿಲ್ಲ. ಅಣ್ಣ ಹೆಗಲು ಕೊಟ್ಟು ಚಿಲಕ ಮುರಿದ.

ಅವನು ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ಗಡ್ಡ ಬೆಳೆದಿತ್ತು. ಎರಡೂ ಕೈಯಿಂದ ತಲೆ ಅದುಮಿಕೊಂಡಿದ್ದ. ಪಕ್ಕದಲ್ಲಿ ಊಟದ ತಟ್ಟೆ ಇತ್ತು. ಅದರ ಬಲಗಡೆಯ ಅರ್ಧ ಖಾಲಿಯಾಗಿತ್ತು. ಎಡಗಡೆಯ ಅರ್ಧ ಮುಟ್ಟದೆ ಒಣಗಿತ್ತು.

"ಯಾರು?"

"ನಾನು."

"ಬಾಗಿಲು ಬಡಿದಿದ್ದು ಕೇಳ್ತಿತ್ತು ರೀ. ಮಧ್ಯಾಹ್ನದಿಂದ ಹುಡುಕ್ತಿದ್ದೀನಿ... ಬಾಗಿಲು ಎಲ್ಲಿದೆ ಅಂತ ಗೊತ್ತಾಗ್ತಿಲ್ಲ."

ಆಸ್ಪತ್ರೆಯಲ್ಲಿ ತಲೆಯ ಚಿತ್ರ ತೆಗೆದರು. ಹಿರಿಯ ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು ತೋರಿಸಿದರು. ನಿಂಬೆಹಣ್ಣಿನ ಗಾತ್ರದ ಗಡ್ಡೆ.

"ತೆಗೀದಿದ್ರೆ ಉಳಿಯಲ್ಲ. ತೆಗೆಯುವಾಗಲೂ ಜೀವಕ್ಕೆ ಅಪಾಯ ಇದೆ. ಎಲ್ಲಾ ಸರಿಹೋದ್ರೂ ಎಡಗಡೆ ಕಾಣೋದು ವಾಪಸ್ ಬರುತ್ತೆ ಅಂತ ನಾನು ಮಾತು ಕೊಡಲ್ಲಮ್ಮ. ಒಂದು ವಾರ ಮೊದಲೇ ಬರಬಾರದಿತ್ತಾ?"

ಆ ಕೊನೆಯ ಮಾತು ಅವಳನ್ನು ಇರಿಯಿತು. 'ಅವತ್ತೇ ಬಾಗಿಲು ಮುರಿದು ಎಳ್ಕೊಂಡು ಬರ್ಬೇಕಿತ್ತು. ಸ್ವಾಭಿಮಾನ ಅಂತ ಚುಕ್ಕೆ ಎಣಿಸ್ತಾ ಕೂತೆ.'

ಮರುದಿನ ಬೆಳಿಗ್ಗೆ ತಲೆ ಬೋಳಿಸಿ ಅವನನ್ನು ಸಿದ್ಧ ಮಾಡಿದ್ದರು. ಅವಳು ಅವನ ಬಲಗಡೆ ನಿಂತಳು.

"ಅವತ್ತು ಆಡಿದ ಮಾತು..." ಎಂದ ಅವನು.

"ಹೊಟ್ಟೆಗೆ ಹಾಕ್ಕೊಂಡಿದ್ದೀನಿ. ಬಿಡಿ."

"ಇಲ್ಲ, ಕೇಳಿ. ನಿಮ್ಮ ಮೇಲೆ ಸಿಟ್ಟಿರಲಿಲ್ಲ. ನೀವು ಎದುರಿಗೇ ನಿಂತಿದ್ರಿ, ನಾನು ಗಾಡಿ ಎತ್ತಿದೆ. ಕಂಡಕ್ಟರ್ ಕೂಗದೇ ಇದ್ದಿದ್ರೆ... ಕಣ್ಣು ಮುಚ್ಚಿದ್ರೆ ಅದೇ ಬರುತ್ತೆ. ಯಾವ ಮುಖ ಇಟ್ಕೊಂಡು ಬಾಗಿಲು ತೆಗೀಲಿ ಹೇಳಿ?"

"ಆಸ್ಪತ್ರೆಗಾದ್ರೂ ಹೋಗ್ಬಹುದಿತ್ತಲ್ಲ."

"ಹೋದ್ರೆ ನಿಜ ಆಗಿಬಿಡುತ್ತೆ ಅಂತ." ಅವನು ಫೋನನ್ನು ಅವಳ ಕೈಗಿಟ್ಟ. "ಇವತ್ತು ಆರು ಗಂಟೆಗೆ ನನ್ನ ಪಟ್ಟಿ ನೀವೇ ಬರೀರಿ. ಆ ಹದಿಮೂರು ಜನ ಒಂದು ತಿಂಗಳಿಂದ ಸುಮ್ನೆ ಕೂತಿದ್ದಾರೆ. ಅವರನ್ನ ಆಡಿಸಿ."

"ನಾನು ನಿಮಗೊಂದು ಮಾತು..."

"ಈಗ ಬೇಡ. ಏನು ಅಂತ ಗೊತ್ತು. ಈಗ ಹೇಳಿದ್ರೆ ಒಳಗೆ ಹೋಗೋಕೆ ನನಗೆ ಧೈರ್ಯ ಬರಲ್ಲ."

ತಳ್ಳುಗಾಡಿ ಒಳಗೆ ಹೋಯಿತು. ಬಾಗಿಲು ಮುಚ್ಚಿಕೊಂಡಿತು.

ಐದು ಗಂಟೆ ಬೇಕು ಎಂದಿದ್ದರು. ಹತ್ತಕ್ಕೆ ಒಳಗೆ ಹೋದವನು ಮೂರಕ್ಕೆ ಬರಬೇಕಿತ್ತು. ನಾಲ್ಕಾಯಿತು. ಐದಾಯಿತು. ಒಬ್ಬ ನರ್ಸ್ ಓಡುತ್ತಾ ಒಳಗೆ ಹೋದಳು, ಇನ್ನೊಬ್ಬಳು ಓಡುತ್ತಾ ಹೊರಗೆ ಬಂದಳು. ಕೇಳಿದರೆ ಯಾರೂ ಮುಖ ಕೊಟ್ಟು ಮಾತಾಡಲಿಲ್ಲ. ಅಣ್ಣ ಎದ್ದು ಎದ್ದು ಕೂತ.

ಐದೂಮುಕ್ಕಾಲಿಗೆ ಅವಳು ಅವನ ಫೋನು ತೆರೆದಳು. ಕಣ್ಣೀರಿಗೆ ಹೆಸರುಗಳೆಲ್ಲ ಕಲಸಿಹೋಗಿದ್ದವು. ಎಡಗಡೆಯ ಸಾಲಿನಿಂದ ಒಬ್ಬೊಬ್ಬರನ್ನೇ ಆರಿಸಿದಳು. ಎಡಗೈ ಪಿಚರ್‌ನನ್ನು ಎಲ್ಲರಿಗಿಂತ ಮೇಲೆ ಬರೆದಳು. ಆರಕ್ಕೆ ಒಂದು ನಿಮಿಷವಿರುವಾಗ ಕಳಿಸಿದಳು.

'ನಾನು ಹೇಳಬೇಕಾದ್ದು ಬಾಕಿ ಇದೆ. ಕೇಳದೇ ಹೋಗ್ಬೇಡಿ...'

ಏಳು ಗಂಟೆಗೆ ಡಾಕ್ಟರಮ್ಮ ಹೊರಗೆ ಬಂದರು. ಟೋಪಿ ತೆಗೆದು ಗೋಡೆಗೆ ಒರಗಿಕೊಂಡರು.

"ಮಧ್ಯೆ ಒಂದ್ಸಲ ಕೈಬಿಟ್ಟೇ ಹೋಗಿದ್ದ," ಎಂದರು. "ಉಳ್ಕೊಂಡ."

ಅಣ್ಣ ಕೂತಲ್ಲೇ ಮುಖ ಮುಚ್ಚಿಕೊಂಡು ಅತ್ತ. ಅವಳಿಗೆ ಅಳಲು ಕೂಡ ತ್ರಾಣವಿರಲಿಲ್ಲ.

ಮೂರನೆಯ ದಿನ ಅವನಿಗೆ ಸರಿಯಾಗಿ ಮಾತಾಡಲು ಬಂತು. ತಲೆಯ ತುಂಬ ಪಟ್ಟಿ, ತುಟಿ ಒಡೆದಿತ್ತು. ಅವಳು ಏನೂ ಹೇಳದೆ ಅವನ ಎಡಗಿವಿಯ ಪಕ್ಕದಿಂದ ಬೆರಳು ತಂದಳು. ಕೆನ್ನೆ. ಕಣ್ಣು. ಮೂಗಿನ ನೇರಕ್ಕೆ ಬಂದಾಗ ಅವನ ರೆಪ್ಪೆ ಆಡಿತು.

"ಬರ್ಲಿಲ್ಲ, ಅಲ್ವಾ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಬರ್ಲಿಲ್ಲ."

ಅವನು ಛಾವಣಿಯ ಕಡೆ ಮುಖ ತಿರುಗಿಸಿದ.

"ಅಣ್ಣ ಹೇಳ್ದ," ಎಂದಳು ಅವಳು, "ಡಿಪೋದಲ್ಲಿ ಡ್ಯೂಟಿ ಪಟ್ಟಿ ಬರೆಯೋಕೆ ಅವನ ಜೊತೆ ಇನ್ನೊಬ್ರು ಬೇಕಂತೆ. ಯಾರಿಗೂ ತೋಳು ಮುರಿಯದ ಹಾಗೆ ಸರದಿ ಹಾಕೋಕೆ ನಿಮಗಿಂತ ಯಾರಿಗೆ ಬರುತ್ತೆ?"

"ಬಸ್ಸಿಲ್ಲ ಇನ್ಮೇಲೆ."

"ಇಲ್ಲ."

"ಹಾಗಾದ್ರೆ ನೀವು ಮನೆಗೆ ಹೋಗಿ. ನಾನು ಅರ್ಧ ಕಾಣೋ ಮನುಷ್ಯ. ದಾರೀಲಿ ಕೈ ಹಿಡ್ಕೊಂಡು ನಡೆಸ್ಬೇಕು. ಕನಿಕರಕ್ಕೆ ಅಂತ ಯಾರೂ ಜೀವನಪೂರ್ತಿ ಇರೋಕಾಗಲ್ಲ."

ಅವಳಿಗೆ ನಿಜಕ್ಕೂ ಸಿಟ್ಟು ಬಂತು. ಎದ್ದಳು. ಸ್ಟೂಲನ್ನು ಎತ್ತಿಕೊಂಡು ಮಂಚ ಸುತ್ತಿ ನಡೆದಳು. ಅವನ ನೋಟದಿಂದ ಅಳಿಸಿಹೋದಳು.

ಹೋಗು ಎಂದವನೇ ಗಾಬರಿಯಾದ. "ಹೋದ್ರಾ?... ಎಲ್ಲಿ ಹೋದ್ರಿ?"

ಅವನ ಎಡಗೈಯನ್ನು ಎರಡು ಕೈಗಳು ಹಿಡಿದುಕೊಂಡವು.

"ಇಲ್ಲಿದ್ದೀನಿ."

"ಕಾಣ್ತಿಲ್ಲ ರೀ."

"ಗೊತ್ತು. ಅದಕ್ಕೇ ಈ ಕಡೆ ಕೂತಿರೋದು. ಆ ಕಡೆ ನಿಮಗೆ ಕಾಣುತ್ತಲ್ಲ, ಅದನ್ನ ನೀವು ನೋಡ್ಕೊಳ್ಳಿ. ಈ ಕಡೆದು ನಾನು ನೋಡ್ಕೊಳ್ತೀನಿ. ಇದು ಕನಿಕರ ಅಲ್ಲ, ಸ್ವಾರ್ಥ."

ಅವನು ಕತ್ತು ತಿರುಗಿಸಲು ಶುರು ಮಾಡಿದ. ಹೊಲಿಗೆ ಎಳೆಯಿತು, ಹಲ್ಲು ಕಚ್ಚಿದ. ಬೆರಳಗಲದಷ್ಟು, ಮತ್ತೆ ಬೆರಳಗಲದಷ್ಟು. ಮೊದಲು ಅವಳ ಕಿವಿ ಸಿಕ್ಕಿತು, ಆಮೇಲೆ ಒದ್ದೆ ಕೆನ್ನೆ, ಆಮೇಲೆ ಪೂರ್ತಿ ಅವಳು.

"ಅವತ್ತು ಹೇಳಬೇಡಿ ಅಂದೆನಲ್ಲ," ಎಂದ. "ಈಗ ಹೇಳಿ."

ಅವಳು ಅವನ ಕಿವಿಯ ಹತ್ತಿರ ಬಾಗಿ ಹೇಳಿದಳು.

ಅವನು ಕಣ್ಣು ಮುಚ್ಚಿ ಕೇಳಿಸಿಕೊಂಡ. "ಇನ್ನೊಂದ್ಸಲ."

"ಯಾಕೆ, ಕಿವಿನೂ ಹೋಯ್ತಾ?"

"ಇಲ್ಲ. ಚೆನ್ನಾಗಿ ಕೇಳುತ್ತೆ."

ಅವಳು ಇನ್ನೊಮ್ಮೆ ಹೇಳಿದಳು.